ಆಗಾಗ ಮಾತ್ರ ಚಾಲೂ ಆಗುವ ವೋಲ್ಟೇಜ್ ರೆಫರೆನ್ಸ್: ಬ್ಯಾಟರಿ ಸರ್ಕ್ಯೂಟ್‌ನ ಅಳತೆ ತಪ್ಪಿದಾಗ ಎಲ್ಲಿಂದ ಹುಡುಕಬೇಕು

ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಂದಲೂ, ಗದಗ ಮತ್ತು ಹಾವೇರಿ ಜಿಲ್ಲೆಗಳ ಹೊಲಗಳಲ್ಲಿ ತಾವೇ ಕಟ್ಟಿದ ತೇವಾಂಶ ಮಾಪಕ ನೆಟ್ಟಿರುವ ಓದುಗರಿಂದಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಮೇಜಿನ ಮೇಲೆ ಸರಿಯಾಗಿದ್ದ ಸರ್ಕ್ಯೂಟ್ ಹೊಲಕ್ಕೆ ಹೋದ ಕೆಲವು ತಿಂಗಳಲ್ಲಿ ಹೆಚ್ಚು ಹೆಚ್ಚು ಅಂಕಿ ತೋರಿಸತೊಡಗುತ್ತದೆ. ಸೆನ್ಸರ್ ಬದಲಿಸಿದರೂ ಸರಿಹೋಗುವುದಿಲ್ಲ, ಆದರೆ ಹೊಸ ಬ್ಯಾಟರಿ ಹಾಕಿದ ಕೂಡಲೇ ಸರಿಯಾಗುತ್ತದೆ. ಇಂತಹ ಹೆಚ್ಚಿನ ಪ್ರಕರಣಗಳಲ್ಲಿ ದೋಷವಿರುವುದು ಸೆನ್ಸರ್‌ನಲ್ಲಲ್ಲ, ಬ್ಯಾಟರಿ ಉಳಿಸಲೆಂದು ವೋಲ್ಟೇಜ್ ರೆಫರೆನ್ಸ್‌ಗೆ ಅಳತೆಯ ಹೊತ್ತಿನಲ್ಲಿ ಮಾತ್ರ ವಿದ್ಯುತ್ ಕೊಟ್ಟು ತೆಗೆಯುವ ಕ್ರಮದಲ್ಲಿ. ಅದನ್ನು ಹಂತ ಹಂತವಾಗಿ ಪತ್ತೆ ಮಾಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಪದಗಳ ಪರಿಚಯ. ಎಡಿಸಿ ಎಂದರೆ ಸೆನ್ಸರ್‌ನಿಂದ ಬರುವ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ, ಮೈಕ್ರೋಕಂಟ್ರೋಲರ್ (ಸರ್ಕ್ಯೂಟನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಒಳಗಿನ ಭಾಗ. ಅದು ಯಾವ ವೋಲ್ಟೇಜನ್ನೂ ತಾನಾಗಿ ಅರಿಯದು. ತನಗೆ ಕೊಟ್ಟಿರುವ ಮತ್ತೊಂದು ವೋಲ್ಟೇಜಿನ ಎಷ್ಟನೇ ಪಾಲು ಎಂದು ಮಾತ್ರ ಹೇಳುತ್ತದೆ. ಆ ಮತ್ತೊಂದು ವೋಲ್ಟೇಜನ್ನು ಬ್ಯಾಟರಿ ಇಳಿದರೂ ಏರಿದರೂ ಬದಲಾಗದಂತೆ ಹಿಡಿದಿಡುವ ಬಿಡಿಭಾಗವೇ ವೋಲ್ಟೇಜ್ ರೆಫರೆನ್ಸ್. ಇದರಲ್ಲಿ ಎರಡು ಜಾತಿ: ಒಂದು ರೆಸಿಸ್ಟರ್‌ನ ಮೂಲಕ ಬರುವ ಕರೆಂಟಿನಲ್ಲಿ ಹೆಚ್ಚಾದುದನ್ನು ನೆಲಕ್ಕೆ ಹರಿಸಿ ವೋಲ್ಟೇಜನ್ನು ಕಟ್ಟಿಹಾಕುವ ಷಂಟ್ ಜಾತಿ, ಇನ್ನೊಂದು ಇನ್‌ಪುಟ್ ಮತ್ತು ಔಟ್‌ಪುಟ್ ಎರಡೂ ಇರುವ ಸೀರೀಸ್ ಜಾತಿ. ಉದಾಹರಣೆಗಾಗಿ ನಾನು ಎಟಿಮೆಗಾ 328ಪಿ ಮೈಕ್ರೋಕಂಟ್ರೋಲರ್ ಚಿಪ್, 2.048 ವೋಲ್ಟ್‌ನ ಎಲ್‌ಎಂ 4040 ಷಂಟ್ ರೆಫರೆನ್ಸ್ ಮತ್ತು ಎರಡು ಎಎ ಆಲ್ಕಲೈನ್ ಸೆಲ್‌ಗಳನ್ನು ಇಟ್ಟುಕೊಂಡಿದ್ದೇನೆ. ಬೇರೆ ಚಿಪ್ ಇದ್ದವರು ಅಂಕಿಗಳನ್ನು ತಮ್ಮ ಡೇಟಾಶೀಟ್‌ನಿಂದ ತೆಗೆದುಕೊಳ್ಳಬೇಕು. ಲೆಕ್ಕದ ರೀತಿ ಬದಲಾಗುವುದಿಲ್ಲ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಯುಎಸ್‌ಬಿ ಸೀರಿಯಲ್ ಅಡಾಪ್ಟರ್, ಬಿಡಿಯಾದ ಒಂದು ಎಎ ಸೆಲ್, 1 ಕಿಲೋ ಓಮ್ ರೆಸಿಸ್ಟರ್ ಮತ್ತು ಎರಡು ರೀಚಾರ್ಜಬಲ್ ನಿಕಲ್ ಸೆಲ್. ಆಸಿಲೋಸ್ಕೋಪ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಅದಿಲ್ಲವೆಂದು ನಿಲ್ಲಬೇಕಾಗಿಲ್ಲ.

ಹಂತ 1: ರೆಫರೆನ್ಸ್ ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳಿ

ತಾಪಮಾನಕ್ಕೆ ತಕ್ಕಂತೆ ರೆಸಿಸ್ಟನ್ಸ್ ಬದಲಾಗುವ ಥರ್ಮಿಸ್ಟರ್, ಪೊಟೆನ್ಷಿಯೋಮೀಟರ್, ಬೆಳಕಿಗೆ ಸ್ಪಂದಿಸುವ ಎಲ್‌ಡಿಆರ್ ಮುಂತಾದವು ವೋಲ್ಟೇಜ್ ಡಿವೈಡರ್‌ನಲ್ಲಿ, ಎಂದರೆ ಸಾಲಾಗಿ ಜೋಡಿಸಿ ವೋಲ್ಟೇಜನ್ನು ಪಾಲು ಮಾಡುವ ಎರಡು ರೆಸಿಸ್ಟರ್‌ಗಳಲ್ಲಿ ಒಂದಾಗಿ, ಕೂಡುತ್ತವೆ. ಡಿವೈಡರ್‌ಗೂ ಎಡಿಸಿಗೂ ಒಂದೇ ವೋಲ್ಟೇಜ್ ಕೊಟ್ಟರೆ, ಅದು 3.2 ಇದ್ದರೂ 2.4 ಇದ್ದರೂ ಪಾಲು ಅಷ್ಟೇ ಇರುತ್ತದೆ. ಬ್ಯಾಡಗಿ ಕಡೆಯ ಮೆಣಸಿನಕಾಯಿ ಶೀತಲಗೃಹದಲ್ಲಿ ಥರ್ಮಿಸ್ಟರ್‌ನಿಂದ ತಾಪಮಾನವನ್ನಷ್ಟೇ ಅಳೆಯುವವರಿಗೆ ಪ್ರತ್ಯೇಕ ರೆಫರೆನ್ಸ್ ಅನಗತ್ಯ. ಅದನ್ನು ತೆಗೆದುಹಾಕುವುದೇ ಅತ್ಯುತ್ತಮ ರಿಪೇರಿ. ಸೆನ್ಸರ್ ತನ್ನದೇ ಆದ ಸ್ಥಿರ ವೋಲ್ಟೇಜನ್ನು ಹೊರಹಾಕುವಾಗ ಮಾತ್ರ ರೆಫರೆನ್ಸ್ ಬೇಕು.

ಹಂತ 2: ಚಾಲೂ-ಬಂದ್ ಆಟವನ್ನು ನಿಲ್ಲಿಸಿ, ನಿಂತ ಸ್ಥಿತಿಯಲ್ಲಿ ಅಳೆಯಿರಿ

ಸರ್ಕ್ಯೂಟ್‌ನಲ್ಲಿ ಚಿಪ್‌ನ ಒಂದು ಪಿನ್ ಹೈ ಆದಾಗ, ಎಂದರೆ ಬ್ಯಾಟರಿಯ ವೋಲ್ಟೇಜ್ ಹೊರಕೊಟ್ಟಾಗ, ಅದರಿಂದ ರೆಸಿಸ್ಟರ್ ಮೂಲಕ ರೆಫರೆನ್ಸ್‌ಗೆ ವಿದ್ಯುತ್ ಹೋಗುತ್ತದೆ, ರೆಫರೆನ್ಸ್‌ನ ಮೇಲ್ತುದಿ ಎಆರ್‌ಇಎಫ್ ಪಿನ್‌ಗೆ, ಎಂದರೆ ಎಡಿಸಿಗೆ ಹೊರಗಿನ ರೆಫರೆನ್ಸ್ ವೋಲ್ಟೇಜ್ ಕೊಡುವ ಪಿನ್‌ಗೆ, ಸೇರುತ್ತದೆ ಎಂದುಕೊಳ್ಳೋಣ. ಆ ಪಿನ್ನನ್ನು ಸದಾ ಹೈ ಇಡುವ, ನಿದ್ರೆಗೆ (ವಿದ್ಯುತ್ ಉಳಿಸಲು ಚಿಪ್ ಕೆಲಸ ನಿಲ್ಲಿಸುವ ಸ್ಥಿತಿಗೆ) ಹೋಗದ, ಎಡಿಸಿಯನ್ನು ಚಾಲೂ ಇಡುವ ಪುಟ್ಟ ಪ್ರೋಗ್ರಾಂ ಹಾಕಿ ಎಆರ್‌ಇಎಫ್ ಪಿನ್‌ನಲ್ಲಿ ಮೀಟರ್ ಹಿಡಿಯಿರಿ. 2.048ರ ಆಸುಪಾಸು ಬಂದರೆ ಬಿಡಿಭಾಗ ಮತ್ತು ಬೆಸುಗೆ ಸರಿಯಿವೆ. ಅಗ್ಗದ ಮೀಟರ್‌ನ ತಪ್ಪೇ ಅರ್ಧದಿಂದ 1 ಶೇಕಡಾವರೆಗೆ ಇರಬಹುದಾದ್ದರಿಂದ ಕೆಲವು ಮಿಲಿವೋಲ್ಟ್‌ಗಳ ಬೆನ್ನು ಹತ್ತಬೇಡಿ.

ಅಂಕಿ ಸ್ಪಷ್ಟವಾಗಿ ಕಡಿಮೆ ಇದ್ದರೆ ಬಿಡಿಭಾಗ ಯಾವುದೆಂದು ನೋಡಿ. ಎಲ್‌ಎಂ 4040 ಸಿಗದಿದ್ದಾಗ ಅನೇಕರು ಟಿಎಲ್ 431 ತಂದು ಕೂಡಿಸುತ್ತಾರೆ. ಮೊಬೈಲ್ ಚಾರ್ಜರ್‌ಗಳಲ್ಲಿ ಹೇರಳವಾಗಿ ಬಳಸುವ ಭಾಗವಾದ್ದರಿಂದ ಅದು ಯಾವ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅದು ಸರಿಯಾಗಿ ನಿಲ್ಲಲು 1 ಮಿಲಿ ಆಂಪಿಯರ್‌ವರೆಗೂ ಕೇಳುತ್ತದೆ. ಎಲ್‌ಎಂ 4040ಕ್ಕೆ 60 ಮೈಕ್ರೋ ಆಂಪಿಯರ್ ಸುಮಾರು ಸಾಕು. ಅಲ್ಲದೆ ಟಿಎಲ್ 431ರ ಅತಿ ಕಡಿಮೆ ವೋಲ್ಟೇಜ್ ಸುಮಾರು 2.5, ಮತ್ತು ಕೆಲವು ಮೌಲ್ಯದ ಕೆಪ್ಯಾಸಿಟರ್‌ಗಳನ್ನು ಅದರ ಮೇಲೆ ಹಾಕಿದರೆ ಅದು ಕಂಪಿಸತೊಡಗುತ್ತದೆ. ಪುಟ್ಟ ಎಸ್‌ಒಟಿ 23 ಕವಚದಲ್ಲಿ ಎರಡರ ಕಾಲುಗಳ ಜೋಡಣೆಯೂ ಬೇರೆ. ಒಂದರ ಬದಲು ಇನ್ನೊಂದನ್ನು ಕೂಡಿಸುವಂತಿಲ್ಲ.

ಹಂತ 3: ಕರೆಂಟಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ

ಹೆಚ್ಚಿನವರು ಬಿಟ್ಟುಬಿಡುವ ಅಂಶ ಇಲ್ಲಿದೆ. ಎಟಿಮೆಗಾದ ಎಆರ್‌ಇಎಫ್ ಪಿನ್ ಬರೀ ವೋಲ್ಟೇಜನ್ನು ನೋಡುವ ಪಿನ್ ಅಲ್ಲ. ಅದರ ಒಳಗೆ ನೆಲಕ್ಕೆ ಸುಮಾರು 32 ಕಿಲೋ ಓಮ್ ರೆಸಿಸ್ಟನ್ಸ್ ಇದೆ. 2.048 ವೋಲ್ಟ್‌ನಲ್ಲಿ ಅದೊಂದೇ 64 ಮೈಕ್ರೋ ಆಂಪಿಯರ್ ಎಳೆಯುತ್ತದೆ. ರೆಫರೆನ್ಸ್‌ನ ಕನಿಷ್ಠ 60 ಸೇರಿದರೆ 124. ಸ್ವಲ್ಪ ಮಾರ್ಜಿನ್ ಇಟ್ಟು 200 ಮೈಕ್ರೋ ಆಂಪಿಯರ್ ಎಂದುಕೊಳ್ಳಿ.

ಈಗ ಬ್ಯಾಟರಿಯ ಅತಿ ಕೆಳಗಿನ ವೋಲ್ಟೇಜನ್ನು ನಿಗದಿಮಾಡಬೇಕು. ಡೇಟಾಶೀಟ್‌ನ ನಕ್ಷೆಯ ಪ್ರಕಾರ ಎಟಿಮೆಗಾ 328ಪಿ 8 ಮೆಗಾಹರ್ಟ್ಸ್‌ನಲ್ಲಿ ಓಡಲು ಕನಿಷ್ಠ 2.4 ವೋಲ್ಟ್ ಬೇಕು; ಹಾಗಾಗಿ ಅದನ್ನೇ ತಳವೆಂದು ಇಟ್ಟುಕೊಳ್ಳೋಣ. 2.4ರಲ್ಲಿ 2.048 ಕಳೆದರೆ ಉಳಿಯುವುದು 0.352 ವೋಲ್ಟ್, ಅದನ್ನು 200 ಮೈಕ್ರೋ ಆಂಪಿಯರ್‌ನಿಂದ ಭಾಗಿಸಿದರೆ 1.76 ಕಿಲೋ ಓಮ್. ಅದಕ್ಕಿಂತ ಕೆಳಗಿನ ಸಿದ್ಧ ಮೌಲ್ಯ 1.5 ಕಿಲೋ ಓಮ್. ಹೊಸ ಸೆಲ್‌ಗಳ 3.2 ವೋಲ್ಟ್‌ನಲ್ಲಿ ಅದರ ಮೂಲಕ 0.77 ಮಿಲಿ ಆಂಪಿಯರ್ ಹರಿಯುತ್ತದೆ, ಅದು ಪಿನ್‌ಗೂ ರೆಫರೆನ್ಸ್‌ಗೂ ಏನೂ ಭಾರವಲ್ಲ. 3 ವೋಲ್ಟ್ ಬ್ಯಾಟರಿ, 60 ಮೈಕ್ರೋ ಆಂಪಿಯರ್ ಎಂದಷ್ಟೇ ಲೆಕ್ಕ ಹಾಕಿ 10 ಕಿಲೋ ಓಮ್ ಹಾಕಿದ ಸರ್ಕ್ಯೂಟ್‌ನಲ್ಲಿ ಎಆರ್‌ಇಎಫ್ ಜೋಡಿಸದೆ ಅಳೆದರೆ ವೋಲ್ಟೇಜ್ ಸರಿ ಬರುತ್ತದೆ, ಜೋಡಿಸಿದ ಕ್ಷಣ ಕುಸಿಯಲು ಶುರುವಾಗುತ್ತದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಎಚ್ಚರಿಕೆ. ಎರಡು ಎಎ ಸೆಲ್‌ಗಳ ಸರ್ಕ್ಯೂಟ್‌ಗೆ 2.5 ವೋಲ್ಟ್‌ನ ರೆಫರೆನ್ಸ್ ಆರಿಸಿದರೆ ಬ್ಯಾಟರಿ 2.8ಕ್ಕೆ, ಅಂದರೆ ಸೆಲ್ ಒಂದಕ್ಕೆ 1.4 ವೋಲ್ಟ್‌ಗೆ ಇಳಿಯುವಷ್ಟರಲ್ಲಿ ಉಸಿರುಕಟ್ಟುತ್ತದೆ. ಆಲ್ಕಲೈನ್ ಸೆಲ್‌ನಲ್ಲಿ ಆಗ ಇನ್ನೂ ಬಹುಪಾಲು ಶಕ್ತಿ ಉಳಿದಿರುತ್ತದೆ. 2.048ರ ಆಯ್ಕೆಗೆ ಅದೇ ಕಾರಣ. ಜೊತೆಗೆ 10 ಬಿಟ್ ಎಡಿಸಿಯ ಒಂದೊಂದು ಮೆಟ್ಟಿಲು ಸರಿಯಾಗಿ 2 ಮಿಲಿವೋಲ್ಟ್ ಆಗುವುದು ಲೆಕ್ಕಕ್ಕೂ ಅನುಕೂಲ. ನಿಮ್ಮ ಬೋರ್ಡ್‌ನಲ್ಲಿ ಬ್ರೌನ್‌ಔಟ್ ಮಿತಿಯನ್ನು, ಎಂದರೆ ವೋಲ್ಟೇಜ್ ಕುಸಿದಾಗ ಚಿಪ್ ತಾನೇ ರೀಸೆಟ್ ಆಗುವ ಮಟ್ಟವನ್ನು, 2.7 ವೋಲ್ಟ್‌ಗೆ ಇಟ್ಟಿದ್ದರೆ ಅದನ್ನು 1.8ಕ್ಕೆ ಬದಲಿಸಬೇಕು, ಇಲ್ಲವಾದರೆ ಚಿಪ್ 2.4ರವರೆಗೆ ತಲುಪುವುದೇ ಇಲ್ಲ.

ಹಂತ 4: ರೆಫರೆನ್ಸ್ ಏರುವುದನ್ನು ಎಡಿಸಿಯ ಕಣ್ಣಿನಿಂದಲೇ ನೋಡಿ

ರೆಫರೆನ್ಸ್‌ಗೆ ವಿದ್ಯುತ್ ಕೊಟ್ಟ ಕ್ಷಣದಲ್ಲೇ ಅದು 2.048ಕ್ಕೆ ನೆಗೆಯುವುದಿಲ್ಲ. ಎಆರ್‌ಇಎಫ್ ಪಿನ್‌ನಲ್ಲಿರುವ ಕೆಪ್ಯಾಸಿಟರ್ ರೆಸಿಸ್ಟರ್ ಮೂಲಕ ತುಂಬಬೇಕು. ಈ ಏರಿಕೆ ಮಿಲಿಸೆಕೆಂಡುಗಳಲ್ಲಿ ಮುಗಿಯುವುದರಿಂದ ಮಲ್ಟಿಮೀಟರ್ ಅದನ್ನು ತೋರಿಸಲಾರದು. ಮೀಟರ್‌ನಲ್ಲಿ ಎಲ್ಲ ಸರಿಯಿದೆ ಎಂಬ ಭರವಸೆಯೇ ಇಲ್ಲಿ ಬಹಳ ಜನರನ್ನು ದಾರಿ ತಪ್ಪಿಸುತ್ತದೆ.

ಆಸಿಲೋಸ್ಕೋಪ್ ಇಲ್ಲದವರು ಹೀಗೆ ಮಾಡಿ. ಬಿಡಿ ಎಎ ಸೆಲ್‌ನ ಋಣ ತುದಿಯನ್ನು ಸರ್ಕ್ಯೂಟ್‌ನ ಗ್ರೌಂಡ್‌ಗೆ, ಧನ ತುದಿಯನ್ನು 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಎಡಿಸಿಯ ಇನ್‌ಪುಟ್ ಆದ ಎ0 ಪಿನ್‌ಗೆ ಸೇರಿಸಿ. ಈ ಸೆಲ್‌ನ ವೋಲ್ಟೇಜ್ ಕೆಲವು ನಿಮಿಷಗಳಲ್ಲಿ ಬದಲಾಗುವುದಿಲ್ಲ. ಹಾಗಾಗಿ ಎಡಿಸಿಯ ಅಂಕಿ ಬದಲಾದರೆ ಅದಕ್ಕೆ ರೆಫರೆನ್ಸೇ ಕಾರಣ. ಪ್ರೋಗ್ರಾಂನಲ್ಲಿ ರೆಫರೆನ್ಸ್ ಪಿನ್ನನ್ನು ಹೈ ಮಾಡಿ, ಕಾಯದೆ, ಒಂದರ ಹಿಂದೊಂದರಂತೆ 100 ಸಲ ಓದಿ, ಓದಿದ್ದನ್ನೆಲ್ಲ ಒಂದು ಅರೇಯಲ್ಲಿ ಕೂಡಿಸಿಟ್ಟುಕೊಳ್ಳಿ. ಓದು ಪೂರ್ತಿ ಮುಗಿದ ಮೇಲಷ್ಟೇ ಸೀರಿಯಲ್‌ನಲ್ಲಿ ಮುದ್ರಿಸಿ. ನಡುನಡುವೆ ಮುದ್ರಿಸಿದರೆ ಮುದ್ರಣಕ್ಕೆ ಹಿಡಿಯುವ ಸಮಯದಲ್ಲೇ ರೆಫರೆನ್ಸ್ ಏರಿ ಮುಗಿದಿರುತ್ತದೆ. ಎಡಿಸಿಯ ಗಡಿಯಾರ 125 ಕಿಲೋಹರ್ಟ್ಸ್ ಇದ್ದಾಗ ಒಂದು ಓದಿಗೆ 13 ಮಿಡಿತ, ಅಂದರೆ 104 ಮೈಕ್ರೋಸೆಕೆಂಡ್ ಬೇಕು. ಎಡಿಸಿಯನ್ನು ಆಗಷ್ಟೇ ಚಾಲೂ ಮಾಡಿದ್ದರೆ ಮೊದಲ ಓದಿಗೆ 25 ಮಿಡಿತ. ಹೀಗೆ 100 ಓದುಗಳಲ್ಲಿ ಸುಮಾರು 10 ಮಿಲಿಸೆಕೆಂಡಿನ ಚಿತ್ರ ಸಿಗುತ್ತದೆ. ಎಆರ್‌ಇಎಫ್‌ನಲ್ಲಿ ದೊಡ್ಡ ಕೆಪ್ಯಾಸಿಟರ್ ಇದ್ದರೆ ಓದುಗಳ ನಡುವೆ ಅರ್ಧ ಮಿಲಿಸೆಕೆಂಡ್ ಬಿಡುವು ಕೊಟ್ಟು ಚಿತ್ರವನ್ನು 60 ಮಿಲಿಸೆಕೆಂಡ್‌ವರೆಗೆ ಹಿಗ್ಗಿಸಿ.

ಪರೀಕ್ಷೆಯ ಸಮಯದಲ್ಲಿ ಯುಎಸ್‌ಬಿ ಅಡಾಪ್ಟರ್‌ನ ವಿದ್ಯುತ್ ತಂತಿಯನ್ನು ಬೋರ್ಡ್‌ಗೆ ಸೇರಿಸಬೇಡಿ. ಗ್ರೌಂಡ್ ಮತ್ತು ಬೋರ್ಡ್‌ನಿಂದ ಹೊರಬರುವ ಡೇಟಾ ತಂತಿ ಎರಡೇ ಸಾಕು. ಅಡಾಪ್ಟರ್‌ನಿಂದ ಒಳಬರುವ ಡೇಟಾ ತಂತಿಯ ವೋಲ್ಟೇಜ್ ಕೂಡ ಚಿಪ್‌ನ ರಕ್ಷಣಾ ಡಯೋಡ್ ಮೂಲಕ ನುಸುಳಿ ಬ್ಯಾಟರಿಯನ್ನು ಮೇಲೆತ್ತಬಲ್ಲದು, ಆಗ ನೀವು ಅಳೆಯುವುದು ಹೊಲದಲ್ಲಿರುವ ಸರ್ಕ್ಯೂಟನ್ನಲ್ಲ. ಬೋರ್ಡ್‌ನ ಬ್ಯಾಟರಿ ತೆಗೆಯುವ ಮೊದಲು ಎಎ ಸೆಲ್ಲನ್ನೂ ಬಿಡಿಸಿ, ಅದೂ ಅದೇ ದಾರಿಯಲ್ಲಿ ನುಸುಳುತ್ತದೆ.

ಹಂತ 5: ಬಂದ ಅಂಕಿಗಳನ್ನು ಓದುವ ಬಗೆ

1.5 ವೋಲ್ಟ್‌ನ ಸೆಲ್, 2.048ರ ರೆಫರೆನ್ಸ್ ಇದ್ದಾಗ ಅಂಕಿ 750ರ ಹತ್ತಿರ ನಿಲ್ಲಬೇಕು. ರೆಫರೆನ್ಸ್ ಕೆಳಗಿದ್ದಷ್ಟೂ ಅಂಕಿ ಮೇಲಿರುತ್ತದೆ: ಅದು 1.94 ಇದ್ದಾಗ 792, ಸೆಲ್‌ನ ವೋಲ್ಟೇಜಿಗಿಂತ ಕೆಳಗಿದ್ದಾಗ ಗರಿಷ್ಠವಾದ 1023. ಈ ತಿರುವುಮುರುವು ಸಂಬಂಧವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮೊದಲ ಅಂಕಿಗಳು 1023ರಿಂದ ಶುರುವಾಗಿ ನುಣುಪಾಗಿ ಇಳಿದು 750ರಲ್ಲಿ ನಿಂತರೆ ಅದು ಸಹಜವಾದ ಏರಿಕೆ. ಎಷ್ಟನೇ ಓದಿಗೆ ನಿಂತಿತು ಎಂಬುದೇ ನಿಮಗೆ ಬೇಕಾದ ಕಾಯುವ ಸಮಯ. ಇಳಿಯುತ್ತ ಹೋಗಿ 750ಕ್ಕೆ ಬಾರದೆ 850ರಂತಹ ಎತ್ತರದಲ್ಲಿ ನಿಂತರೆ ಕರೆಂಟ್ ಸಾಲುತ್ತಿಲ್ಲ, ಹಂತ 3ಕ್ಕೆ ಮರಳಿ. ಮೊದಲ ಒಂದೇ ಅಂಕಿ ವಿಚಿತ್ರವಾಗಿದ್ದು ಎರಡನೆಯದರಿಂದ ಎಲ್ಲ ಸರಿಯಿದ್ದರೆ ರೆಫರೆನ್ಸ್‌ನದು ತಪ್ಪಲ್ಲ. ಎಡಿಸಿ ಹಿಂದೆ ಓದಿದ ಚಾನೆಲ್‌ನ (ಇನ್‌ಪುಟ್‌ನ) ನೆನಪನ್ನು ಹೊತ್ತು ಬಂದಿದೆ, ಆ ಒಂದನ್ನು ಬಿಸಾಡಿ. ಅಂಕಿಗಳು ಮೇಲೆ ಕೆಳಗೆ ತೂಗಾಡುತ್ತಿದ್ದರೆ ಕೆಪ್ಯಾಸಿಟರ್‌ನಿಂದಾಗಿ ರೆಫರೆನ್ಸ್ ಕಂಪಿಸುತ್ತಿರಬಹುದು. ಎಲ್‌ಎಂ 4040 ಯಾವ ಕೆಪ್ಯಾಸಿಟರ್ ಹಾಕಿದರೂ ಸ್ಥಿರವಾಗಿರುತ್ತದೆ. ಟಿಎಲ್ 431 ಹಾಗಲ್ಲ.

ತೇವಾಂಶ ಮಾಪಕ ಇಟ್ಟಿರುವ ಎರೆ ಹೊಲದವರಿಗೆ ಇಲ್ಲೊಂದು ವಿಶೇಷ ಮಾತು. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಕೆಪ್ಯಾಸಿಟಿವ್ ತೇವಾಂಶ ಸೆನ್ಸರ್‌ನಲ್ಲಿ ಮಣ್ಣು ಒಣಗಿದಷ್ಟೂ ಔಟ್‌ಪುಟ್ ವೋಲ್ಟೇಜ್ ಏರುತ್ತದೆ. ರೆಫರೆನ್ಸ್ ಪೂರ್ತಿ ಏರದೆ ಇದ್ದಾಗಲೂ ಅಂಕಿ ಏರುತ್ತದೆ. ಇನ್ನು ಗದಗ, ನವಲಗುಂದ ಕಡೆಯ ಕಪ್ಪು ಮಣ್ಣು ಒಣಗಿ ಬಿರುಕು ಬಿಟ್ಟಾಗ ಸೆನ್ಸರ್ ಸುತ್ತ ಗಾಳಿ ಸೇರಿ ಮತ್ತೆ ಅಂಕಿ ಏರುತ್ತದೆ. ಮೂರೂ ಒಂದೇ ದಿಕ್ಕಿಗೆ ಓಡುವುದರಿಂದ, ಬ್ಯಾಟರಿ ಇಳಿದುದನ್ನು ಬರಗಾಲವೆಂದು ತಿಳಿದು ಡ್ರಿಪ್ ವಾಲ್ವ್ ತೆರೆಯುವ ಸರ್ಕ್ಯೂಟ್‌ಗಳಾಗುತ್ತವೆ. ಬೋರ್‌ವೆಲ್ ನೀರು ಹೀಗೆ ವ್ಯರ್ಥವಾಗಬಾರದು. ಎಎ ಸೆಲ್‌ನ ಪರೀಕ್ಷೆಯಲ್ಲಿ ಮಣ್ಣಿನ ಪಾತ್ರವೇ ಇಲ್ಲವಾದ್ದರಿಂದ, ತಪ್ಪು ಹೊಲದ್ದೋ ಬೋರ್ಡಿನದೋ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ.

ಹಂತ 6: ಕಾಯುವ ಸಮಯವನ್ನು ಇಳಿದ ಬ್ಯಾಟರಿಯಲ್ಲಿ ನಿರ್ಧರಿಸಿ

ಈ ಲೇಖನದಲ್ಲಿ ಒಂದೇ ಹಂತವನ್ನು ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಮೇಲಿನ ದೊಡ್ಡ ಟ್ಯಾಂಕಿನಿಂದ ಕೆಳಗಿನ ಟ್ಯಾಂಕಿಗೆ ನೀರು ಬಿಟ್ಟಾಗ ಎರಡರ ಮಟ್ಟ ಹತ್ತಿರವಾದಂತೆ ಹರಿವು ಮಂದವಾಗುತ್ತದಲ್ಲವೇ, ಕೆಪ್ಯಾಸಿಟರ್ ತುಂಬುವುದೂ ಹಾಗೆಯೇ. ಬ್ಯಾಟರಿಯ ವೋಲ್ಟೇಜ್ 2.048ರಿಂದ ಬಹಳ ಮೇಲಿದ್ದರೆ ಬೇಗ ತುಂಬುತ್ತದೆ, ಅದರ ಹತ್ತಿರಕ್ಕೆ ಇಳಿದಿದ್ದರೆ ನಿಧಾನವಾಗುತ್ತದೆ.

ಅಂಕಿಗಳಲ್ಲಿ ನೋಡೋಣ. ರೆಸಿಸ್ಟರ್ 1.5 ಕಿಲೋ ಓಮ್, ಎಆರ್‌ಇಎಫ್ ಒಳಗಿನ 32 ಕಿಲೋ ಓಮ್, ಮತ್ತು ನಾಯ್ಸ್ ಕಡಿಮೆಯಾಗಲಿ ಎಂದು ಹಾಕಿದ 10 ಮೈಕ್ರೋ ಫ್ಯಾರಡ್ ಕೆಪ್ಯಾಸಿಟರ್ ಇವೆಯೆಂದುಕೊಳ್ಳಿ. 3.2 ವೋಲ್ಟ್‌ನ ಹೊಸ ಬ್ಯಾಟರಿಯಲ್ಲಿ 2.048 ಮುಟ್ಟಲು ಸುಮಾರು 16 ಮಿಲಿಸೆಕೆಂಡ್ ಸಾಕು. ಮೇಜಿನ ಮೇಲೆ ಇದನ್ನು ನೋಡಿದವರು 20 ಮಿಲಿಸೆಕೆಂಡ್ ಕಾಯುವಂತೆ ಬರೆದು ಡಬ್ಬಿ ಮುಚ್ಚುತ್ತಾರೆ. ಬ್ಯಾಟರಿ 2.8ಕ್ಕೆ ಬಂದಾಗ ಬೇಕಾಗುವುದು ಸುಮಾರು 21 ಮಿಲಿಸೆಕೆಂಡ್. ಕಾಯುವುದು 20 ಮಾತ್ರವಾದ್ದರಿಂದ ಓದು 2 ಶೇಕಡಾದಷ್ಟು ಹೆಚ್ಚಾಗಿ ಬರುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. 2.7ಕ್ಕೆ ಇಳಿದಾಗ ತಪ್ಪು 5 ಶೇಕಡಾ ದಾಟುತ್ತದೆ. 2.4ರಲ್ಲಿ 32 ಮಿಲಿಸೆಕೆಂಡ್ ಬೇಕಾಗಿರುತ್ತದೆ. 20ನೆಯದಕ್ಕೆ ರೆಫರೆನ್ಸ್ ಇನ್ನೂ 1.72 ವೋಲ್ಟ್‌ನಲ್ಲಿರುತ್ತದೆ ಮತ್ತು ಓದು 19 ಶೇಕಡಾ ಹೆಚ್ಚು. ಸೆನ್ಸರ್ ಹಳೆಯದಾಗುತ್ತಿದೆ ಎಂಬ ಭ್ರಮೆ ಹುಟ್ಟುವುದು ಹೀಗೆ. ತಪ್ಪು ಒಮ್ಮೆಲೇ ಬರುವುದಿಲ್ಲ, ಬ್ಯಾಟರಿ ಇಳಿದ ವೇಗದಲ್ಲೇ ನಿಧಾನವಾಗಿ ಬೆಳೆಯುತ್ತದೆ.

ಪರಿಹಾರಕ್ಕೆ ಎರಡು ಭಾಗ. ಮೊದಲನೆಯದು, 10 ಮೈಕ್ರೋ ಫ್ಯಾರಡ್ ಜಾಗದಲ್ಲಿ 100 ನ್ಯಾನೋ ಫ್ಯಾರಡ್ ಸೆರಾಮಿಕ್ ಹಾಕಿ. ಎಲ್ಲ ಸಮಯಗಳೂ ನೂರು ಪಟ್ಟು ತಗ್ಗಿ, 2.4 ವೋಲ್ಟ್‌ನಲ್ಲೂ ಮೂರನೇ ಒಂದು ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಎರಡನೆಯದು, ಬೋರ್ಡ್‌ಗೆ ಎರಡು ರೀಚಾರ್ಜಬಲ್ ನಿಕಲ್ ಸೆಲ್ ಹಾಕಿ ಹಂತ 4ನ್ನು ಮತ್ತೆ ಮಾಡಿ. ಸ್ವಲ್ಪ ಬಳಸಿದ ಅಂತಹ ಎರಡು ಸೆಲ್‌ಗಳು ಸೇರಿ 2.4ರಿಂದ 2.5 ವೋಲ್ಟ್ ಕೊಡುವುದರಿಂದ, ಲ್ಯಾಬ್‌ನ ಪವರ್ ಸಪ್ಲೈ ಇಲ್ಲದೆಯೇ ಇಳಿದ ಬ್ಯಾಟರಿಯ ಸ್ಥಿತಿ ನಿಮ್ಮ ಮೇಜಿನ ಮೇಲೆ ಬರುತ್ತದೆ. ಅಲ್ಲಿ ಅಂಕಿ ನಿಲ್ಲಲು ಹಿಡಿದ ಸಮಯದ ಮೂರು ಪಟ್ಟನ್ನು ಪ್ರೋಗ್ರಾಂನಲ್ಲಿ ಬರೆಯಿರಿ.

ಕಾಯುವ ಸಮಯ ಹೆಚ್ಚಾದರೆ ಬ್ಯಾಟರಿ ಹಾಳಾಗುತ್ತದೆಂಬ ಭಯ ಅನೇಕರಿಗಿದೆ, ಅದನ್ನೂ ಲೆಕ್ಕದಿಂದಲೇ ಕಳೆದುಕೊಳ್ಳಬಹುದು. ರೆಫರೆನ್ಸನ್ನು ಸದಾ ಚಾಲೂ ಇಟ್ಟರೆ 3 ವೋಲ್ಟ್‌ನಲ್ಲಿ 635 ಮೈಕ್ರೋ ಆಂಪಿಯರ್ ಹರಿಯುತ್ತದೆ. 2000 ಮಿಲಿ ಆಂಪಿಯರ್-ಗಂಟೆಯ ಸೆಲ್‌ಗಳು ಅದೊಂದಕ್ಕೇ 130 ದಿನಗಳಲ್ಲಿ ಬರಿದಾಗುತ್ತವೆ. ಹತ್ತು ನಿಮಿಷಕ್ಕೊಮ್ಮೆ 10 ಮಿಲಿಸೆಕೆಂಡ್ ಮಾತ್ರ ಚಾಲೂ ಮಾಡಿದರೆ ಸರಾಸರಿ ಖರ್ಚು ಒಂದು ಮೈಕ್ರೋ ಆಂಪಿಯರ್‌ನ ನೂರನೇ ಒಂದು ಭಾಗ. ಆ ಹೊತ್ತಿನಲ್ಲಿ ಎಚ್ಚರವಾಗಿರುವ ಚಿಪ್‌ನ 3 ಮಿಲಿ ಆಂಪಿಯರ್ ಸೇರಿಸಿ, ಕಾಯುವುದನ್ನು 50 ಮಿಲಿಸೆಕೆಂಡ್‌ಗೆ ಹೆಚ್ಚಿಸಿದರೂ ಸರಾಸರಿ 0.3 ಮೈಕ್ರೋ ಆಂಪಿಯರ್ ಮಾತ್ರ. ನಿದ್ರೆಯಲ್ಲಿ ಚಿಪ್ಪನ್ನು ಆಗಾಗ ಎಬ್ಬಿಸುವ ವಾಚ್‌ಡಾಗ್ ಟೈಮರ್ ಒಂದೇ ಸುಮಾರು 4 ಮೈಕ್ರೋ ಆಂಪಿಯರ್ ತಿನ್ನುತ್ತಿರುತ್ತದೆ. ಉಳಿತಾಯ ಬರುವುದು ರೆಫರೆನ್ಸನ್ನು ಬಂದ್ ಮಾಡುವುದರಿಂದ; ಕೆಲವು ಮಿಲಿಸೆಕೆಂಡ್ ಕತ್ತರಿಸುವುದರಿಂದ ಸಿಗುವುದು ಏನೂ ಇಲ್ಲ, ಕಳೆದುಕೊಳ್ಳುವುದು ಅಳತೆಯ ಸತ್ಯವನ್ನು.

ಹಂತ 7: ಪ್ರೋಗ್ರಾಂನ ಮೂರು ಬಲೆಗಳು

ಮೊದಲನೆಯದು ಪಿನ್‌ಮೋಡ್. ನಿದ್ರೆಗೆ ಹೋಗುವಾಗ ಎಲ್ಲ ಪಿನ್‌ಗಳನ್ನೂ ಇನ್‌ಪುಟ್ ಮಾಡುವ ರೂಢಿ ಇದೆ. ಎದ್ದ ಮೇಲೆ ರೆಫರೆನ್ಸ್ ಪಿನ್ನನ್ನು ಮತ್ತೆ ಔಟ್‌ಪುಟ್ ಮಾಡುವುದನ್ನು ಮರೆತು ಹೈ ಎಂದಷ್ಟೇ ಬರೆದರೆ, ಚಿಪ್ ಒಳಗಿನ 20ರಿಂದ 50 ಕಿಲೋ ಓಮ್‌ನ ಪುಲ್‌ಅಪ್ (ಪಿನ್ನನ್ನು ಬ್ಯಾಟರಿಯ ವೋಲ್ಟೇಜಿನತ್ತ ಎಳೆಯುವ ರೆಸಿಸ್ಟರ್) ಚಾಲೂ ಆಗುತ್ತದೆ, ಅಷ್ಟೇ. ಆಗ ಎಆರ್‌ಇಎಫ್‌ನಲ್ಲಿ 3 ವೋಲ್ಟ್ ಬ್ಯಾಟರಿಯಿಂದ 1.2 ಮತ್ತು 1.8ರ ನಡುವಿನ ಯಾವುದೋ ವೋಲ್ಟೇಜ್ ಕಾಣಿಸುತ್ತದೆ. ಪೂರ್ತಿ ಸತ್ತಿಲ್ಲ, ಪೂರ್ತಿ ಬದುಕಿಯೂ ಇಲ್ಲ ಎಂಬ ಈ ಸ್ಥಿತಿ ಕಂಡರೆ ಮೊದಲು ಈ ಸಾಲನ್ನೇ ಹುಡುಕಿ.

ಎರಡನೆಯದು, ಈ ಚಿಪ್‌ಗೆ ಆರ್ಡುಯಿನೋದಲ್ಲಿ ಪ್ರೋಗ್ರಾಂ ಬರೆಯುವವರು ಎಡಿಸಿಗೆ ಯಾವ ರೆಫರೆನ್ಸ್ ಎಂದು ಹೇಳಲು ಬಳಸುವ ಅನಲಾಗ್‌ರೆಫರೆನ್ಸ್ ಆಜ್ಞೆ. ಅದು ಎಡಿಸಿಯನ್ನು ಕೂಡಲೇ ಬದಲಿಸುವುದಿಲ್ಲ. ಆಯ್ಕೆಯನ್ನು ನೆನಪಿಟ್ಟುಕೊಂಡು ಮುಂದಿನ ಅನಲಾಗ್‌ರೀಡ್ (ಎಡಿಸಿಯಿಂದ ಓದುವ ಆಜ್ಞೆ) ಬಂದಾಗ ಜಾರಿಗೆ ತರುತ್ತದೆ. ಎಕ್ಸ್‌ಟರ್ನಲ್ ಎಂದು ಹೇಳುವ ಮೊದಲೇ ಎಲ್ಲಾದರೂ ಒಂದು ಅನಲಾಗ್‌ರೀಡ್ ಇದ್ದರೆ, ಡೀಫಾಲ್ಟ್ ಆಯ್ಕೆಯಂತೆ ಬ್ಯಾಟರಿಯ ವೋಲ್ಟೇಜ್ ಚಿಪ್ ಒಳಗಿನಿಂದ ಎಆರ್‌ಇಎಫ್‌ಗೆ ಬಂದು ನಿಮ್ಮ ರೆಫರೆನ್ಸ್‌ನೊಂದಿಗೆ ಡಿಕ್ಕಿ ಹೊಡೆಯುತ್ತದೆ. ಹೊರಗಿನ ರೆಫರೆನ್ಸ್ ಜೋಡಿಸಿರುವ ಬೋರ್ಡ್‌ನಲ್ಲಿ ಆಂತರಿಕ 1.1 ವೋಲ್ಟನ್ನಾಗಲಿ ಬ್ಯಾಟರಿಯನ್ನಾಗಲಿ ರೆಫರೆನ್ಸ್ ಆಗಿ ಎಂದೂ ಆರಿಸಬೇಡಿ. ಇದರ ರಕ್ಷಣೆಗೆ ಕೆಲವರು ಎಆರ್‌ಇಎಫ್‌ಗೆ 5 ಕಿಲೋ ಓಮ್ ಸೇರಿಸುತ್ತಾರೆ. ಅದು ಒಳಗಿನ 32 ಕಿಲೋ ಓಮ್‌ನೊಂದಿಗೆ ಡಿವೈಡರ್ ಆಗಿ 2.048ನ್ನು 1.77ಕ್ಕೆ ಇಳಿಸುತ್ತದೆ, ಏರಿಕೆಯನ್ನೂ ನಿಧಾನಗೊಳಿಸುತ್ತದೆ. ಪ್ರೋಗ್ರಾಂ ಸರಿಯಿದ್ದರೆ ಆ ರೆಸಿಸ್ಟರ್ ಬೇಡ.

ಮೂರನೆಯದು ಗಡಿಯಾರದ ವೇಗ. 1 ಮೆಗಾಹರ್ಟ್ಸ್ ಎಂದು ಹೇಳಿ ಕಂಪೈಲ್ ಮಾಡಿದ ಪ್ರೋಗ್ರಾಂ 8 ಮೆಗಾಹರ್ಟ್ಸ್‌ನಲ್ಲಿ ಓಡಿದರೆ 10 ಮಿಲಿಸೆಕೆಂಡ್‌ನ ಡಿಲೇ ನಿಜದಲ್ಲಿ 1.25 ಆಗುತ್ತದೆ. ಒಂದು ಎಲ್‌ಇಡಿಯನ್ನು 10 ಸೆಕೆಂಡ್ ಉರಿಸುವಂತೆ ಬರೆದು ಕೈಗಡಿಯಾರ ನೋಡಿದರೆ ಸಾಕು, ಇದು ಬಯಲಾಗುತ್ತದೆ.

ಹಂತ 8: ಬಂದ್ ಮಾಡುವ ಕ್ರಮ

ಷಂಟ್ ರೆಫರೆನ್ಸ್ ಇದ್ದರೆ ಅಳತೆ ಮುಗಿದ ಮೇಲೆ ಎಡಿಸಿಯನ್ನು ಬಂದ್ ಮಾಡಿ, ಪಿನ್ನನ್ನು ಲೋ ಮಾಡಿ, ಅದೇ ಸ್ಥಿತಿಯಲ್ಲಿ ನಿದ್ರೆಗೆ ಕಳುಹಿಸಿ. ಎಡಿಸಿ ಚಾಲೂ ಉಳಿದರೆ ನಿದ್ರೆಯಲ್ಲೂ ಅದು ಕರೆಂಟ್ ಎಳೆಯುತ್ತಲೇ ಇರುತ್ತದೆ. ಸೀರೀಸ್ ರೆಫರೆನ್ಸ್ ಇದ್ದವರು ಇನ್ನೂ ಒಂದು ವಿಷಯ ಗಮನಿಸಬೇಕು: ಔಟ್‌ಪುಟ್‌ನಲ್ಲಿ ತುಂಬಿದ ದೊಡ್ಡ ಕೆಪ್ಯಾಸಿಟರ್ ಇದ್ದು ಇನ್‌ಪುಟ್ಟನ್ನು ತಟ್ಟನೆ ನೆಲಕ್ಕೆ ಎಳೆದರೆ ಕರೆಂಟ್ ಭಾಗದ ಒಳಗೆ ಹಿಮ್ಮುಖವಾಗಿ ಹರಿಯುತ್ತದೆ. ಅದಕ್ಕಾಗಿ ಔಟ್‌ಪುಟ್ ಕೆಪ್ಯಾಸಿಟರನ್ನು ಡೇಟಾಶೀಟ್ ಹೇಳುವ ಕನಿಷ್ಠ ಮೌಲ್ಯದಲ್ಲೇ ಇಡಿ. ರೆಫರೆನ್ಸ್ ಜೊತೆಗೆ ಸೆನ್ಸರ್‌ನ ವಿದ್ಯುತ್ತನ್ನೂ ಬಂದ್ ಮಾಡುವವರು, ಬಂದ್ ಆದ ಸೆನ್ಸರ್‌ಗೆ ಬೇರೆ ಯಾವ ತಂತಿಯಿಂದಲೂ ಪುಲ್‌ಅಪ್ ಮೂಲಕ ವಿದ್ಯುತ್ ನುಸುಳುತ್ತಿಲ್ಲವೆಂದು ಮೀಟರ್‌ನಿಂದ ಖಚಿತಪಡಿಸಿಕೊಳ್ಳಿ.

ಹಂತ 9: ಹೊಲದಲ್ಲಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವಂತೆ ಮಾಡಿ

ಏಪ್ರಿಲ್-ಮೇ ಬಿಸಿಲಿನಲ್ಲಿ ಹೊಲದ ಕಂಬಕ್ಕೆ ಕಟ್ಟಿದ ಮುಚ್ಚಿದ ಡಬ್ಬಿಯ ಒಳಗೆ ಹೊರಗಿಗಿಂತ ಹೆಚ್ಚಿನ ಕಾವು ಇರುತ್ತದೆ. ಎಲ್‌ಎಂ 4040 ಒಂದು ಡಿಗ್ರಿಗೆ 10 ಲಕ್ಷದಲ್ಲಿ 100 ಪಾಲಿನಷ್ಟು ಬದಲಾಗಬಹುದು. 20ರಿಂದ 55 ಡಿಗ್ರಿಗೆ ಏರಿದರೆ ಅದು 7 ಮಿಲಿವೋಲ್ಟ್, ಎಡಿಸಿಯ ಮೂರು-ನಾಲ್ಕು ಮೆಟ್ಟಿಲು. ತೇವಾಂಶದ ಅಳತೆಗೆ ಇದು ಲೆಕ್ಕಕ್ಕಿಲ್ಲ. ಬ್ಯಾಟರಿಯಿಂದ ಬರುವ ತಪ್ಪು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಅದರ ಮೇಲೆ ಕಣ್ಣಿಡಬೇಕು.

ಎಟಿಮೆಗಾ ಒಳಗೆ ಸುಮಾರು 1.1 ವೋಲ್ಟ್‌ನ ಬ್ಯಾಂಡ್‌ಗ್ಯಾಪ್, ಎಂದರೆ ಬ್ಯಾಟರಿಯನ್ನು ಅವಲಂಬಿಸದ ಇನ್ನೊಂದು ಸ್ಥಿರ ವೋಲ್ಟೇಜ್, ಇದೆ. ಅದನ್ನು ರೆಫರೆನ್ಸ್ ಆಗಿ ಆರಿಸಬಾರದು ಎಂದೆ. ಆದರೆ ಅಳೆಯಬೇಕಾದ ಚಾನೆಲ್ ಆಗಿ ಆರಿಸಲು ಯಾವ ಅಡ್ಡಿಯೂ ಇಲ್ಲ. ಹೊರಗಿನ 2.048ರ ಎದುರು ಅದನ್ನು ಓದಿದರೆ 550ರ ಆಸುಪಾಸಿನ ಅಂಕಿ ಬರುತ್ತದೆ. ಚಿಪ್‌ನಿಂದ ಚಿಪ್‌ಗೆ ಅದು 500ರಿಂದ 600ರವರೆಗೆ ಇರಬಹುದು, ಆದ್ದರಿಂದ ಹೊಸ ಬ್ಯಾಟರಿ ಹಾಕಿ ನಿಮ್ಮ ಚಿಪ್‌ನ ಅಂಕಿಯನ್ನು ಒಮ್ಮೆ ಬರೆದಿಟ್ಟುಕೊಳ್ಳಿ. ಆ ಚಾನೆಲ್‌ಗೆ ಬದಲಿಸಿದಾಗ ಮೊದಲ ಕೆಲವು ಓದುಗಳನ್ನು ಬಿಸಾಡಿ, ಬ್ಯಾಂಡ್‌ಗ್ಯಾಪ್ ತುಸು ನಿಧಾನ. ಮುಂದೆ ಪ್ರತಿ ಸಲ ಸೆನ್ಸರ್ ಓದುವ ಮೊದಲು ಒಮ್ಮೆ, ಓದಿದ ಮೇಲೆ ಒಮ್ಮೆ ಇದನ್ನು ಓದಿಸಿ. ಎರಡೂ ಅಂಕಿಗಳು ಬರೆದಿಟ್ಟದ್ದಕ್ಕಿಂತ 2 ಶೇಕಡಾ ಮೇಲೆ ಹೋದರೆ ಅಥವಾ ಎರಡರ ನಡುವೆ ಅಂತರ ಕಂಡರೆ, ಆ ಸಲದ ಅಳತೆಯ ಮೇಲೆ ವಾಲ್ವ್ ತೆರೆಯದಂತೆ ಪ್ರೋಗ್ರಾಂನಲ್ಲಿ ತಡೆ ಹಾಕಿ.

ಬ್ಯಾಟರಿಯನ್ನು ಅಳೆಯಲು ಎರಡು 1 ಮೆಗಾ ಓಮ್ ರೆಸಿಸ್ಟರ್‌ಗಳ ಡಿವೈಡರ್ ಸಾಕು. ಅದು ಸದಾ ಎಳೆಯುವುದು 1.5 ಮೈಕ್ರೋ ಆಂಪಿಯರ್. ನಡುಬಿಂದುವಿನಿಂದ ಗ್ರೌಂಡ್‌ಗೆ 100 ನ್ಯಾನೋ ಫ್ಯಾರಡ್ ಹಾಕದೆ ಹೋದರೆ ಎಡಿಸಿ ಅಷ್ಟು ದೊಡ್ಡ ರೆಸಿಸ್ಟನ್ಸ್‌ನಿಂದ ಸರಿಯಾಗಿ ಓದಲಾರದು, ಏಕೆಂದರೆ ಅದು 10 ಕಿಲೋ ಓಮ್‌ಗಿಂತ ಕಡಿಮೆ ರೆಸಿಸ್ಟನ್ಸ್‌ಗೆಂದೇ ಮಾಡಿದ್ದು. ಹೊಸ ಬ್ಯಾಟರಿಯಲ್ಲಿ ನಡುಬಿಂದು 1.6 ವೋಲ್ಟ್ ಇರುವುದರಿಂದ 2.048ರ ಮಿತಿಯೊಳಗೇ ಉಳಿಯುತ್ತದೆ.

ಸೆನ್ಸರ್‌ನ ಅಂಕಿಯ ಪಕ್ಕದಲ್ಲೇ ಬ್ಯಾಂಡ್‌ಗ್ಯಾಪ್ ಅಂಕಿಯನ್ನೂ ದಾಖಲಿಸುತ್ತ ಹೋದರೆ ಹಳೆಯ ತಪ್ಪು ಓದುಗಳನ್ನು ಸರಿಪಡಿಸಲೂ ಬರುತ್ತದೆ: ಓದನ್ನು ಬರೆದಿಟ್ಟ ಅಂಕಿಯಿಂದ ಗುಣಿಸಿ, ಆ ಸಲದ ಬ್ಯಾಂಡ್‌ಗ್ಯಾಪ್ ಅಂಕಿಯಿಂದ ಭಾಗಿಸಿ. ಆದರೆ ಓದಿನ ಮೊದಲಿನ ಮತ್ತು ನಂತರದ ಬ್ಯಾಂಡ್‌ಗ್ಯಾಪ್ ಅಂಕಿಗಳು ಒಂದೇ ಇದ್ದಾಗ ಮಾತ್ರ ಈ ಲೆಕ್ಕ ನಡೆಯುತ್ತದೆ. ಅವು ಬೇರೆಯಾಗಿದ್ದರೆ ಓದುವ ಹೊತ್ತಿಗೆ ರೆಫರೆನ್ಸ್ ಇನ್ನೂ ಏರುತ್ತಲೇ ಇತ್ತು ಎಂದರ್ಥ. ಆ ಸಾಲನ್ನು ದಾಖಲೆಯಿಂದ ಅಳಿಸಿ, ಬೋರ್ಡನ್ನು ತಂದು ಹಂತ 6ರಿಂದ ಮತ್ತೆ ಶುರುಮಾಡಿ.